ಹಸಿರು ಪುಸ್ತಕ, ನೀಲಿ ಫೈಲು

ಗಲ್ಲೆ ಮೇಲೆ ಕೂತವನಿಗೆ ಎದೆ ಉರಿದರೆ ಅದು ಗ್ಯಾಸ್. ನಮ್ಮ ಹೋಟೆಲ್ ಲೈನಿನಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ. ನಾಲ್ಕೂವರೆಗೆ ಏಳುವುದು, ಖಾಲಿ ಹೊಟ್ಟೆಗೆ ಮೂರು ಕಟಿಂಗ್ ಚಾ, ಹತ್ತಕ್ಕೆ ಉಳಿದ ಇಡ್ಲಿ, ಮೂರಕ್ಕೆ ಊಟ. ಗ್ಯಾಸ್ ಆಗದೆ ಇನ್ನೇನಾಗಬೇಕು? 2022ರ ಜುಲೈಯಲ್ಲಿ ಒಂದು ದಿನ ಬೆಳಿಗ್ಗೆ, ಮುಂಬಯಿಯ ಮುಲುಂಡಿನ ಹೋಟೆಲಿನಲ್ಲಿ ಎದೆಯ ನಡುವೆ ಅರೆಯುವ ಕಲ್ಲು ಇಟ್ಟ ಹಾಗಾದಾಗ ನಾನು ಮಾಡಿದ್ದಿಷ್ಟೇ: ಹುಡುಗನನ್ನು ಕರೆದು ಸೋಡಾಕ್ಕೆ ಲಿಂಬೆ ಹಿಂಡಿಸಿ ಕುಡಿದೆ. ಅದರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಎಡಗಡೆಯ ದವಡೆ ಜಗ್ಗತೊಡಗಿತು. ಚಿಲ್ಲರೆ ಎಣಿಸುತ್ತಿದ್ದ ಹಾಗೆ ಹಣೆಯ ಬೆವರು ನೋಟಿನ ಮೇಲೆ ತೊಟ್ಟಿಕ್ಕಿತು.

ಅಡುಗೆಮನೆ ನೋಡಿಕೊಳ್ಳುವವರು ನನ್ನ ಹೆಂಡತಿಯ ಅಣ್ಣ. ಜಾಲರಿ ಸೌಟು ಕೈಯಲ್ಲೇ ಇತ್ತು, ಹೊರಗೆ ಬಂದರು. "ಎಂತಾಯ್ತ್ ಮಾರಾಯ? ಮುಖ ಸುಣ್ಣ ಬಳ್ದಂಗ್ ಆಯ್ತಲೆ!"

"ಎಂತ ಇಲ್ಲ ಭಾವ, ಗ್ಯಾಸ್."

ಅವರು ನನ್ನ ಮಾತು ಕೇಳಲಿಲ್ಲ. ಮಳೆಯಲ್ಲೇ ರಿಕ್ಷಾ ನಿಲ್ಲಿಸಿ, ಪಕ್ಕದ ನರ್ಸಿಂಗ್ ಹೋಮಿಗೆ ಹಾಕಿಕೊಂಡು ಹೋದರು. ಇಸಿಜಿ ಕಾಗದ ಹೊರಬಂದದ್ದೇ ಅಲ್ಲಿನ ಡಾಕ್ಟರರ ಮುಖ ಬದಲಾಯಿತು. ಗ್ಯಾಸ್ ಅಲ್ಲ, ಹಾರ್ಟ್ ಅಟ್ಯಾಕ್. ಆಸ್ಪಿರಿನ್ ಕೊಟ್ಟು ಜಗಿಯಲು ಹೇಳಿದರು. ಸಕ್ಕರೆ ಕಾಯಿಲೆ ಉಂಟಾ, ಬಿಪಿ ಉಂಟಾ, ಸಿಗರೇಟು ಉಂಟಾ, ಬೇರೆ ಯಾವುದಾದರೂ ಗುಳಿಗೆ ನಡೆಯುತ್ತಿದೆಯಾ ಎಂದು ಒಂದರ ಹಿಂದೆ ಒಂದು ಕೇಳಿದರು. ಭಾವ ನನ್ನ ಭುಜ ಹಿಡಿದುಕೊಂಡು ನಿಂತಿದ್ದರು. ಸಿಗರೇಟು ಉಂಟು ಎಂದೆ. ಗುಳಿಗೆ ಏನೂ ಇಲ್ಲ ಎಂದೆ.

ಅದು ಸುಳ್ಳು. ಆ ಹೊತ್ತಿಗೆ ನಾನು ಗುಳಿಗೆ ತಿನ್ನಲು ಶುರು ಮಾಡಿ ಹದಿನೇಳು ವರ್ಷವಾಗಿತ್ತು.

2005ರಲ್ಲಿ ಟಿಬಿ ಬಂದಾಗ ರಕ್ತ ನೋಡಿದರು, ಎಚ್‌ಐವಿ ಎಂದು ತಿಳಿಯಿತು. ಹೇಗೆ ಬಂತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಬೇಕಾಗುವುದು ಅದೊಂದೇ, ಎದೆನೋವು ಹೇಗೆ ಬಂತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಹೆಂಡತಿಗೂ ಪರೀಕ್ಷೆ ಮಾಡಿಸಿದೆವು, ಅವಳಿಗೆ ಇಲ್ಲ. ಸರ್ಕಾರ ಎಆರ್‌ಟಿ ಗುಳಿಗೆಯನ್ನು, ಎಂದರೆ ಎಚ್‌ಐವಿ ಹತ್ತಿಕ್ಕುವ ಔಷಧವನ್ನು, ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಅದಕ್ಕಿಂತ ಮೊದಲೇ ಕಾಯಿಲೆ ಬಿದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಭಾಯಖಳದ ಜೆಜೆ ಆಸ್ಪತ್ರೆಯ ಸಾಲಿನಲ್ಲಿ ನಿಂತು ಮೊದಲ ಡಬ್ಬಿ ತಂದೆ. ಆಗ ಕೊಡುತ್ತಿದ್ದ ಸ್ಟಾವುಡಿನ್ ಜೀವ ಉಳಿಸಿತು, ಕೆನ್ನೆ ಮಾತ್ರ ತಿಂದು ಹಾಕಿತು. ಊರಿಗೆ ಹೋದರೆ "ಮುಂಬಯಿ ನೀರ್ ಹಿಡೀಲಿಲ್ಲ ಕಾಣ್" ಎನ್ನುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ. 2014ರಲ್ಲಿ ಆ ಗುಳಿಗೆಗಳು ಕೆಲಸ ಮಾಡುವುದು ನಿಂತಿತು, ಎರಡನೇ ಸಾಲಿನ ಔಷಧಕ್ಕೆ ಹಾಕಿದರು. ಟೆನೊಫೊವಿರ್, ಲ್ಯಾಮಿವುಡಿನ್, ಅಟಾಜನವಿರ್, ರಿಟೊನವಿರ್. ಮುಂಬಯಿ ಕೋಟೆ (ಫೋರ್ಟ್) ಭಾಗದ ರಾತ್ರಿಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗ್ಗಿ ಮರೆತಿದೆ, ಈ ನಾಲ್ಕು ಹೆಸರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಎಆರ್‌ಟಿ ಸೆಂಟರಿನಲ್ಲಿ ಪ್ರತಿಯೊಬ್ಬರಿಗೂ ಗುಳಿಗೆ, ಪರೀಕ್ಷೆಗಳ ವಿವರ ಬರೆಯುವ ಒಂದು ಹಸಿರು ಪುಸ್ತಕ ಕೊಡುತ್ತಾರೆ. ನನ್ನದು ಡೊಂಬಿವಲಿಯ ಖೋಲಿಯಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಅಡಿಯಲ್ಲಿ ಇರುತ್ತಿತ್ತು. ಗುಳಿಗೆ ಚ್ಯವನಪ್ರಾಶದ ಡಬ್ಬಿಯಲ್ಲಿ.

ನರ್ಸಿಂಗ್ ಹೋಮಿನಲ್ಲಿ ನಾಳ ಬಿಡಿಸುವ ವ್ಯವಸ್ಥೆ ಇರಲಿಲ್ಲ, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಲ್‌ಬಿಎಸ್ ರೋಡಿನ ಟ್ರಾಫಿಕ್ಕಿನಲ್ಲಿ ಸೈರನ್ ಹೊಡೆದುಕೊಂಡು ನಿಂತಿದ್ದಾಗ ನನಗೆ ನೆನಪಾದದ್ದು ದೇವರಲ್ಲ, ಕುರ್ಲಾದ ಒಬ್ಬ ಟೈಲರ್. ಸೆಂಟರಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು. ಅರೆತಲೆನೋವಿಗೆಂದು ಮೆಡಿಕಲ್ಲಿನವನು ಕೊಟ್ಟ ಎರ್ಗೊಟಮೈನ್ ಇರುವ ಗುಳಿಗೆ ನುಂಗಿದರು. ಅದು ಒಳಗಿದ್ದ ರಿಟೊನವಿರ್ ಜತೆ ಸೇರಿ ರಕ್ತನಾಳಗಳನ್ನು ಹಿಂಡಿಬಿಟ್ಟಿತು, ಕೈಬೆರಳು ಕಪ್ಪಾದವು. ಸೂಜಿ ಹಿಡಿಯುವ ಬೆರಳು. ಅವತ್ತು ಸೆಂಟರಿನ ಕೌನ್ಸೆಲರ್ ಮೇಡಂ ನಮ್ಮನ್ನೆಲ್ಲ ಕೂರಿಸಿ, ಯಾವ ಡಾಕ್ಟರು ಯಾವ ಹೊಸ ಗುಳಿಗೆ ಬರೆದರೂ ಹಸಿರು ಪುಸ್ತಕ ತೋರಿಸಿ, ನಾಚಿಕೆ ಮಾಡಬೇಡಿ ಎಂದಿದ್ದರು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರು. "ಕಾಕಾ, ಅಜೂನ್ ಕಾಹೀ ಗೋಳ್ಯಾ ಚಾಲೂ ಆಹೇತ್ ಕಾ?" ಎಂದು ಮತ್ತೆ ಅದೇ ಪ್ರಶ್ನೆ. ಕೈಯಲ್ಲಿ ಆಗಲೇ ಎರಡು ಗುಳಿಗೆ, ಸಣ್ಣ ಕಪ್ಪಿನಲ್ಲಿ ಒಂದು ಗುಟುಕು ನೀರು. ಭಾವ ಪಕ್ಕದಲ್ಲೇ.

"ಭಾವ, ಒಂದ್ ಬಾಟ್ಲಿ ನೀರ್ ತಕಂಡ್ ಬನ್ನಿ."

"ನೀರ್ ಅವರೇ ಕೊಡ್ತ್ರಲೆ?"

"ಬಿಸ್ಲೇರಿ ಬೇಕ್."

ಅವರು ಓಡಿದರು. ನಾನು ಡಾಕ್ಟರರ ಕೈ ಹಿಡಿದು, ಮೂರೇ ಮಾತಿನಲ್ಲಿ ಹೇಳಿದೆ. ಅವರು ಗುಳಿಗೆ ಹಿಡಿದ ಕೈ ಹಿಂದೆ ತೆಗೆದುಕೊಂಡರು. ಒಂದು ಕ್ಷಣ, ಮುಟ್ಟಬಾರದವನನ್ನು ಮುಟ್ಟಿದೆ ಎನ್ನುವ ಹಿಂಜರಿಕೆ ಎಂದುಕೊಂಡೆ. ಅಲ್ಲ. ಅವರು ಮೊಬೈಲ್ ತೆಗೆದು, ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಎಚ್‌ಐವಿ ಔಷಧಗಳನ್ನು ಬೇರೆ ಔಷಧಗಳ ಜತೆ ತಾಳೆ ನೋಡಲು ಮಾಡಿಟ್ಟ ಪಟ್ಟಿಯಲ್ಲಿ ಹುಡುಕುತ್ತಿದ್ದರು. ಅವರ ಕೈಯಲ್ಲಿದ್ದದ್ದು ಟಿಕಾಗ್ರೆಲಾರ್, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಳಿಗೆ. ನನ್ನ ಹೊಟ್ಟೆಯಲ್ಲಿ ರಿಟೊನವಿರ್ ಇರುವಾಗ ಅದನ್ನು ಕೊಡಲೇಬಾರದು.

ಇದನ್ನು ಆಮೇಲೆ ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡದ್ದು ಹೀಗೆ. ಹೋಟೆಲಿನ ಮೋರಿಯ ಜಾಲರಿಗೆ ಕೊತ್ತಂಬರಿ ಕಡ್ಡಿ, ಅನ್ನದ ಅಗುಳು ಸಿಕ್ಕಿಕೊಂಡರೆ ನೀರು ಇಳಿಯುವುದಿಲ್ಲ, ನಿಲ್ಲುತ್ತದೆ. ರಿಟೊನವಿರ್ ಮಾಡುವುದು ಅದೇ. ಅಟಾಜನವಿರ್ ಬೇಗ ಖರ್ಚಾಗದೆ ಮೈಯಲ್ಲಿ ಉಳಿಯಲಿ ಎಂದೇ ಪಿತ್ತಜನಕಾಂಗದ ಮೋರಿಯನ್ನು ಬೇಕೆಂದು ಕಟ್ಟುತ್ತದೆ. ಆದರೆ ಅದೇ ಮೋರಿಯಲ್ಲಿ ಇಳಿದು ಹೋಗಬೇಕಾದ ಬೇರೆ ಔಷಧಗಳೂ ನಿಂತುಬಿಡುತ್ತವೆ. ಟಿಕಾಗ್ರೆಲಾರ್ ಹಾಗೆ ನಿಂತರೆ ಎಲ್ಲೆಂದರಲ್ಲಿ ರಕ್ತಸ್ರಾವ. ಹಾಗಾದರೆ ಹಳೆಯ ಕ್ಲೋಪಿಡೊಗ್ರೆಲ್ ಕೊಡಬಹುದಲ್ಲ ಎಂದರೆ ಅದರದು ಉಲ್ಟಾ ಕಥೆ. ಅದು ಅಕ್ಕಿಯ ಹಾಗೆ, ಪಿತ್ತಜನಕಾಂಗದಲ್ಲಿ ಬೆಂದ ಮೇಲೆಯೇ ಉಪಯೋಗಕ್ಕೆ ಬರುವುದು. ರಿಟೊನವಿರ್ ಇದ್ದರೆ ಒಲೆ ಸರಿಯಾಗಿ ಉರಿಯುವುದಿಲ್ಲ. ಗುಳಿಗೆ ತಿಂದೂ ತಿನ್ನದ ಹಾಗೆ, ನಾಳ ತೆರೆದಿಡಲು ಹಾಕಿದ ಜಾಲರಿ ಕೊಳವೆ, ಸ್ಟೆಂಟ್, ಕಟ್ಟಿಕೊಳ್ಳುವ ಹೆದರಿಕೆ. ಕೊನೆಗೆ ಕೊಟ್ಟದ್ದು ಪ್ರಾಸುಗ್ರೆಲ್. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಕಪ್ಪಿನಲ್ಲಿದ್ದದ್ದನ್ನು ನುಂಗಿಬಿಡುತ್ತಿದ್ದೆ.

ಬಾಯಿ ಬಿಟ್ಟದ್ದಕ್ಕೂ ಬೆಲೆ ತೆತ್ತೆ. ಸ್ಟ್ರೆಚರ್ ನಾಳ ಬಿಡಿಸುವ ಕೋಣೆಯ, ಕ್ಯಾಥ್ ಲ್ಯಾಬಿನ, ಬಾಗಿಲಲ್ಲೇ ನಿಂತಿತು. ಒಳಗೆ ಹೊರಗೆ ಓಡಾಡುವವರು ತಗ್ಗಿದ ದನಿಯಲ್ಲಿ "ಪಾಸಿಟಿವ್ ಆಹೇ, ಪಾಸಿಟಿವ್ ಆಹೇ" ಎನ್ನುತ್ತಿದ್ದರು. ಕಿಟ್ ಬರಬೇಕಂತೆ, ಬೇರೆ ಇಬ್ಬರನ್ನು ಮುಗಿಸಿ ಕೊನೆಗೆ ನನ್ನನ್ನು ತೆಗೆದುಕೊಂಡರೆ ಕೋಣೆ ತೊಳೆಯಲು ಸುಲಭವಂತೆ. ಅವರಿಬ್ಬರು ದಿನ ಗೊತ್ತು ಮಾಡಿಕೊಂಡು ಬಂದವರು. ನನ್ನದು ಹೃದಯದ ಸ್ನಾಯು ನಿಮಿಷ ನಿಮಿಷಕ್ಕೆ ಸಾಯುತ್ತಿದ್ದ ಕೇಸ್. ಗೋಡೆಯ ಗಡಿಯಾರ ನೋಡುತ್ತ ಮಲಗಿದ್ದೆ. ಮೂವತ್ತೈದು ನಿಮಿಷ. ಮುಂಬಯಿಯಲ್ಲಿ ಅಷ್ಟರಲ್ಲಿ ಮುಲುಂಡಿನಿಂದ ದಾದರ್ ಮುಟ್ಟಬಹುದು. ದೊಡ್ಡ ಡಾಕ್ಟರು ಮಹಡಿಯಿಂದ ಇಳಿದು ಬಂದು ಎಲ್ಲರಿಗೂ ಕೇಳುವ ಹಾಗೆ ಬೈದರು. ಗ್ಲೌಸು, ಮಾಸ್ಕು, ಸೂಜಿಯ ಎಚ್ಚರ ಎಲ್ಲವೂ ಎಲ್ಲ ರೋಗಿಗಳಿಗೂ ಒಂದೇ ಇರಬೇಕು, ಗೊತ್ತಿಲ್ಲದ ಪಾಸಿಟಿವ್ ಎಷ್ಟು ಜನ ಈ ಟೇಬಲ್ ಮೇಲೆ ಮಲಗಿ ಹೋಗಿದ್ದಾರೋ ನಿಮಗೇನು ಗೊತ್ತು ಎಂದರು. ಆಮೇಲೆ ಎಲ್ಲವೂ ಐದು ನಿಮಿಷದಲ್ಲಿ ತಯಾರಾಯಿತು.

ಬಲಗೈ ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿ ತಂತಿ ಬಿಟ್ಟರು. ಪರದೆಯ ಮೇಲೆ ನನ್ನದೇ ಹೃದಯ, ಮಳೆಗಾಲದ ಮರದ ಬೇರಿನ ಹಾಗೆ ನಾಳಗಳು, ಒಂದು ಬೇರು ಅರ್ಧದಲ್ಲಿ ಕಡಿದ ಹಾಗೆ. ಎದುರಿನ ದೊಡ್ಡ ನಾಳ, ಪೂರ್ತಿ ಬಂದ್. ಬಲೂನ್ ಉಬ್ಬಿಸಿ ಸ್ಟೆಂಟ್ ಕೂರಿಸಿದ್ದೇ ನಾಳಕ್ಕೆ ಬಿಟ್ಟ ಬಣ್ಣ ಬೇರಿನ ತುದಿವರೆಗೆ ಕಪ್ಪಾಗಿ ಹರಿದದ್ದು ಕಂಡಿತು. ಎದೆಯ ಕಲ್ಲು ಯಾರೋ ಎತ್ತಿ ಬದಿಗಿಟ್ಟ ಹಾಗೆ ಹೋಯಿತು. ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿದ್ದರಿಂದ ಔಷಧ ಸವರಿದ್ದೂ ಮೂವತ್ತು ಸಾವಿರದ ಆಸುಪಾಸು, ಹಿಂದೆ ಲಕ್ಷದ ಮೇಲೆ ಹೋಗುತ್ತಿತ್ತು. ನಮ್ಮ ಕೇಸರಿ ರೇಷನ್ ಕಾರ್ಡ್ ತೋರಿಸಿ ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಖರ್ಚು ಹೊಂದಿಕೊಂಡಿತು. ಆದರೂ "ಕಿಟ್" ಎಂದು ಹೆಂಡತಿಯಿಂದ 4,500 ರೂಪಾಯಿ ಬೇರೆ ತೆಗೆದುಕೊಂಡರು. ರಸೀದಿ ಇಲ್ಲ.

ವಾರ್ಡಿನಲ್ಲಿ ಮಂಚದ ಕಾಲಿಗೆ ತೂಗುಹಾಕಿದ ನೀಲಿ ಫೈಲಿನ ಮೇಲೆ ಕೆಂಪು ಸ್ಟಿಕ್ಕರ್. ಊಟ ತರುವ ಮೌಶಿ ತಟ್ಟೆಯನ್ನು ದೂರದಿಂದ ತಳ್ಳಿ ಹೋಗುತ್ತಿದ್ದಳು. ಎಚ್‌ಐವಿ ಇರುವವರಿಗೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು, ಅವರ ವಿಷಯ ಊರಿಗೆ ಸಾರಬಾರದು ಎಂದು 2017ರಲ್ಲೇ ಕಾಯ್ದೆ ಆಗಿದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆ ಮಾಡುವ ಡಾಕ್ಟರರು ತಮ್ಮೊಳಗೆ ತಿಳಿಸಿಕೊಳ್ಳಬಹುದು, ಸ್ಟಿಕ್ಕರ್ ಅಂಟಿಸಲು ಆಗುವುದಿಲ್ಲ. ಆ ಕಾಯ್ದೆಯ ಹೆಸರನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವನಿಗೆ ಜಗಳದ ಶಕ್ತಿ ಎಲ್ಲಿಂದ? ಹೆಂಡತಿ ಮಾತ್ರ ಎರಡನೇ ದಿನ ಬಂದವಳೇ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದು ಕಿತ್ತು, ಉಂಡೆ ಮಾಡಿ ಪರ್ಸಿಗೆ ಹಾಕಿಕೊಂಡಳು. ಯಾರೂ ಕೇಳಲಿಲ್ಲ.

ನನ್ನ ಎಆರ್‌ಟಿ ಗುಳಿಗೆಯ ನೆನಪು ಆ ಆಸ್ಪತ್ರೆಯಲ್ಲಿ ಯಾರಿಗೂ ಆಗಲಿಲ್ಲ. ಅವರ ಔಷಧದ ಅಂಗಡಿಯಲ್ಲಿ ಅದು ಸಿಗುವಂಥದ್ದೂ ಅಲ್ಲ. ಮೊದಲ ರಾತ್ರಿಯ ಡೋಸ್ ತಪ್ಪಿತು. ಮರುದಿನದಿಂದ ಗಂಜಿಯ ಡಬ್ಬಿಯ ಜತೆ ಚ್ಯವನಪ್ರಾಶದ ಡಬ್ಬಿಯೂ ಬಂತು. ಎದೆಗೆ ಇಷ್ಟೊಂದು ಔಷಧ ನಡೆಯುವಾಗ ಇದನ್ನು ನಾಲ್ಕು ದಿನ ಬಿಟ್ಟರೆ ಆಗದಾ ಎಂದು ಅವಳು ಕೇಳಿದ್ದಳು, ನನಗೂ ಹಾಗೇ ಅನ್ನಿಸಿತ್ತು. 2006ರಲ್ಲಿ ಸ್ಮಾರ್ಟ್ ಎಂಬ ದೊಡ್ಡ ಅಧ್ಯಯನ ಇದನ್ನೇ ನೋಡಿತ್ತು ಎಂದು ಆಮೇಲೆ ತಿಳಿಯಿತು. ಗುಳಿಗೆ ಬಿಟ್ಟು ಬಿಟ್ಟು ತಿಂದವರಲ್ಲಿ ಸಾವೂ ಹೆಚ್ಚಾಯಿತು, ಹೃದಯದ ತೊಂದರೆಯೂ ಹೆಚ್ಚಾಯಿತು.

ಐದನೇ ದಿನ ಡಿಸ್ಚಾರ್ಜ್. ಹೃದಯದ ಸ್ಕ್ಯಾನಿನಲ್ಲಿ, ಎಕೋದಲ್ಲಿ, ಪಂಪಿಂಗ್ ಶೇಕಡಾ 40 ಎಂದು ಬಂತು, 55ರ ಮೇಲೆ ಇರಬೇಕಾದದ್ದು. ಮನೆಗೆ ಬಂದ ಮೂರನೇ ದಿನ ಹಸಿರು ಪುಸ್ತಕ, ನೀಲಿ ಫೈಲು ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಸೆಂಟರಿಗೆ ಹೋದೆ. ಹದಿನೇಳು ವರ್ಷದಲ್ಲಿ ಹಸಿರು ಪುಸ್ತಕದ ಜತೆ ಬೇರೆ ಕಾಗದ ಇಟ್ಟದ್ದು ಅದೇ ಮೊದಲು.

ಸೆಂಟರಿನ ಡಾಕ್ಟರ್ ಮೇಡಂ ಡಿಸ್ಚಾರ್ಜ್ ಕಾಗದ ಓದುತ್ತ ಓದುತ್ತ ಕನ್ನಡಕ ತೆಗೆದರು. ಎಮರ್ಜೆನ್ಸಿಯ ಹುಡುಗ ಅಷ್ಟು ಎಚ್ಚರ ವಹಿಸಿದ್ದರೆ, ಡಿಸ್ಚಾರ್ಜ್ ಬರೆದವರು ಯಾರೋ ಎಲ್ಲರಿಗೂ ಬರೆಯುವ ಪಟ್ಟಿಯನ್ನೇ ನನಗೂ ಇಳಿಸಿಬಿಟ್ಟಿದ್ದರು. ಅಟೊರ್ವಾಸ್ಟಾಟಿನ್ 80. ಕೊಬ್ಬು ಇಳಿಸುವ ಆ ಗುಳಿಗೆಯೂ ನನ್ನ ಕಟ್ಟಿದ ಮೋರಿಯಲ್ಲಿ ನಿಲ್ಲುವಂಥದ್ದು. ಅಷ್ಟು ದೊಡ್ಡ ಡೋಸ್ ನಿಂತರೆ ಸ್ನಾಯು ಕರಗಿ ಕಿಡ್ನಿಗೆ ಹೊಡೆಯಬಹುದು. ತೊಡೆ ನೋಯುತ್ತಿದೆಯಾ ಎಂದು ಕೇಳಿದರು. ನೋಯುತ್ತಿತ್ತು, ಮಲಗಿ ಮಲಗಿ ಎಂದುಕೊಂಡಿದ್ದೆ. ಅದನ್ನು ಹೊಡೆದು ಹಾಕಿ ರೋಸುವಾಸ್ಟಾಟಿನ್ 10 ಬರೆದರು. ಮುಂದಿನದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಆಸಿಡಿಟಿಯ ಗುಳಿಗೆ. ಇದರಲ್ಲೇನು ಉಂಟು, ಹೋಟೆಲಿನವರೆಲ್ಲ ಪೆಪ್ಪರ್‌ಮಿಂಟಿನ ಹಾಗೆ ತಿನ್ನುತ್ತಾರೆ ಎಂದೆ. ಅಟಾಜನವಿರ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕಂತೆ. ಪ್ಯಾಂಟೊಪ್ರಜೋಲ್ ಆಮ್ಲವನ್ನೇ ಒಣಗಿಸಿದರೆ ಎಚ್‌ಐವಿ ಗುಳಿಗೆ ಹಾಗೇ ಹೊರಟು ಹೋಗುತ್ತದೆ, ವೈರಸ್ ತಲೆಯೆತ್ತುತ್ತದೆ. ನನಗೆ ನಗು ಬಂತು. ಗ್ಯಾಸ್ ಗ್ಯಾಸ್ ಎಂದು ಎಷ್ಟು ವರ್ಷದಿಂದ ಆ ಗುಳಿಗೆಯನ್ನು ಮೆಡಿಕಲ್ಲಿನಿಂದ ತಂದು ತಿಂದಿದ್ದೇನೋ ಲೆಕ್ಕವೇ ಇಲ್ಲ.

"ನನ್ನ ವೈರಸ್ ಕಾಣುವುದೇ ಇಲ್ಲ, ಮೈ ಕಾಯುವ ಸಿಡಿ4 ಕಣಗಳ ಲೆಕ್ಕ ಆರುನೂರು ಉಂಟು. ಮತ್ತೆ ಎದೆಗೆ ಯಾಕೆ ಬಂತು ಮೇಡಂ?" ಎಂದು ಕೇಳಿದೆ. ಅವರು ಅವಸರ ಮಾಡಲಿಲ್ಲ. ಗುಳಿಗೆಯಿಂದ ರಕ್ತದಲ್ಲಿ ವೈರಸ್ ಕಾಣದಂತಾದರೂ ಮೈಯ ಮೂಲೆಗಳಲ್ಲಿ ಅದು ಅಡಗಿರುತ್ತದೆ, ಮೈಯ ಕಾವಲು ಪಡೆ ಅದರ ಮೇಲೆ ಸದಾ ಕಾಯುತ್ತ ಬಿಸಿಯಾಗೇ ಇರುತ್ತದೆ ಎಂದರು. ಬೂದಿ ಮುಚ್ಚಿದ ಕೆಂಡ. ಆ ಬಿಸಿ ರಕ್ತನಾಳದ ಒಳಗೋಡೆಯನ್ನು ಒಂದೇ ಸಮನೆ ಸುಡುತ್ತದೆ, ಅಲ್ಲಿ ಕೊಬ್ಬು ಕೂರುತ್ತದೆ. ಎಚ್‌ಐವಿ ಇಲ್ಲದವರಿಗಿಂತ ನಮಗೆ ಹೃದಯದ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು. ಅದರ ಮೇಲೆ ಹಳೆಯ ಗುಳಿಗೆಗಳು ಕೊಬ್ಬನ್ನು ಏರುಪೇರು ಮಾಡಿರುತ್ತವೆ. ಅದರ ಮೇಲೆ ನನ್ನ ಸಿಗರೇಟು. ದಿನಕ್ಕೆ ಹತ್ತು, ಜನ ಜಾಸ್ತಿಯಾದ ದಿನ ಹದಿನೈದು. ಎಚ್‌ಐವಿಯನ್ನು ಗೆದ್ದೆ ಎಂದು ನಾನು ಎದೆಯುಬ್ಬಿಸಿ ಹೊಗೆ ಬಿಡುತ್ತಿದ್ದೆ.

ಪುಸ್ತಕದ ಹಿಂದಿನ ಪುಟಗಳನ್ನು ತಿರುಗಿಸಿ ಅವರು ಒಂದು ಸಾಲು ತೋರಿಸಿದರು. 2019ರಲ್ಲಿ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ ಎಂದು ಬರೆದಿದ್ದರು. ನಾನು ಹೋಗಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಬೆಳಿಗ್ಗೆ ಗಲ್ಲೆ ಬಿಟ್ಟು ಯಾರು ಹೋಗುತ್ತಾರೆ? ಸಿಡಿ4 ಎಷ್ಟು, ರಕ್ತದಲ್ಲಿನ ವೈರಸ್ಸಿನ ಲೆಕ್ಕ, ವೈರಲ್ ಲೋಡ್, ಎಷ್ಟು ಎಂದು ಬೆಂಚಿನಲ್ಲಿ ಕೂತ ನಾವೆಲ್ಲ ಮಕ್ಕಳ ಮಾರ್ಕಿನ ಹಾಗೆ ಕೇಳಿಕೊಳ್ಳುತ್ತಿದ್ದೆವು. ಬಿಪಿ ಎಷ್ಟು, ಕೊಲೆಸ್ಟರಾಲ್ ಎಷ್ಟು ಎಂದು ಕೇಳಿದ ನೆನಪಿಲ್ಲ.

ಎರಡು ಔಷಧಗಳ ಜಗಳ ಬಿಡಿಸಲು ಮೇಡಂ ನನ್ನ ಕಾಗದವನ್ನು ತಜ್ಞರ ಸಮಿತಿಗೆ ಕಳಿಸಿದರು. ಆರು ವಾರದಲ್ಲಿ ಅಟಾಜನವಿರ್, ರಿಟೊನವಿರ್ ಹೋಗಿ ಡೊಲುಟೆಗ್ರಾವಿರ್ ಬಂತು. ಮೋರಿ ಬಿಡಿಸಿದ ಹಾಗಾಯಿತು, ಎದೆಯ ಗುಳಿಗೆಗಳ ಜತೆ ಇದಕ್ಕೆ ಜಗಳವಿಲ್ಲ. ಇಲ್ಲವೇ ಇಲ್ಲ ಎಂದಲ್ಲ. ಆಸ್ಪತ್ರೆಯಲ್ಲೇ ಸಕ್ಕರೆ ಕಾಯಿಲೆಯೂ ಹೊರಬಿದ್ದಿತ್ತು. ಡೊಲುಟೆಗ್ರಾವಿರ್ ಇರುವಾಗ ಮೆಟ್‌ಫಾರ್ಮಿನ್ ದಿನಕ್ಕೆ 1,000 ಮಿಲಿಗ್ರಾಂ ದಾಟಬಾರದು. ಆಂಟಾಸಿಡ್ ಕುಡಿದರೆ ಡೊಲುಟೆಗ್ರಾವಿರನ್ನು ಅದಕ್ಕಿಂತ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದ ಮೇಲೆ ತಿನ್ನಬೇಕು. ಇದನ್ನೆಲ್ಲ ಹೆಂಡತಿ ಕ್ಯಾಲೆಂಡರಿನ ಹಿಂದೆ ಬರೆದು ಅಡುಗೆಕೋಣೆಯಲ್ಲಿ ಅಂಟಿಸಿದ್ದಾಳೆ, ಔಷಧದ ಹೆಸರಿನ ಬದಲು ಬಣ್ಣ ಬರೆದು. ಬಂದವರಿಗೆ ಅದು ಹಾಲಿನವನ ಲೆಕ್ಕದ ಹಾಗೆ ಕಾಣುತ್ತದೆ.

ಮರುವರ್ಷ ಇನ್ನೊಂದು ಸಂಗತಿ ತಿಳಿಯಿತು. 2023ರಲ್ಲಿ ರಿಪ್ರೀವ್ ಎಂಬ ಅಧ್ಯಯನದ ಫಲಿತಾಂಶ ಹೊರಬಂತು. ಭಾರತವೂ ಸೇರಿ 12 ದೇಶಗಳ 7,769 ಜನ, ಎಲ್ಲರೂ ಎಚ್‌ಐವಿ ಇರುವವರು, 40ರಿಂದ 75ರೊಳಗಿನವರು. ಹೃದಯದ ಅಪಾಯ ಅಷ್ಟೇನೂ ಇಲ್ಲ ಎಂದುಕೊಂಡಿದ್ದವರಿಗೇ ದಿನಕ್ಕೊಂದು ಪಿಟಾವಾಸ್ಟಾಟಿನ್ ಕೊಟ್ಟು ನೋಡಿದರು. ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಘಾತಗಳು 35 ಶೇಕಡಾ ಕಡಿಮೆಯಾದವು. ಎಷ್ಟು ಸ್ಪಷ್ಟವಾಗಿ ಎಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ನನಗೆ ಅದು ಊಟ ಮುಗಿದ ಮೇಲೆ ಬಡಿಸಲು ಬಂದ ಪಾಯಸ. ಆದರೆ ಬೆಂಚಿನಲ್ಲಿ ಕೂತ ನಲವತ್ತು ದಾಟಿದವರಿಗೆಲ್ಲ ನಾನು ಅದನ್ನು ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು ಇನ್ನೊಂದು ಗುಳಿಗೆಯಾ ಎಂದು ಮುಖ ತಿರುಗಿಸುತ್ತಾರೆ, ಅವರದೂ ತಪ್ಪಲ್ಲ.

ಎದೆಯ ಡಾಕ್ಟರು ಒಂದು ಮಾತು ಹೇಳಿದ್ದರು. ನಿಮ್ಮಂಥವರು ಆಸ್ಪತ್ರೆಯಿಂದ ಹೆಚ್ಚುಕಡಿಮೆ ಎಲ್ಲರ ಹಾಗೇ ಉಳಿದು ಹೋಗುತ್ತೀರಿ. ಮನೆಗೆ ಹೋದ ಮೇಲೆ ಎರಡನೇ ಸಲ ಬರುವುದು ನಿಮ್ಮಲ್ಲಿ ಹೆಚ್ಚು. ಅದೇ ಭಯದಲ್ಲಿ ಸಿಗರೇಟು ಬಿಟ್ಟೆ, ಎರಡು ಸಲ ಸೋತು ಮೂರನೇ ಸಲಕ್ಕೆ. ಗಲ್ಲೆಯ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆ. ಬೆಳಿಗ್ಗೆ ಡೊಂಬಿವಲಿಯ ಭಾಗಶಾಳಾ ಮೈದಾನದಲ್ಲಿ ಸುತ್ತು ಹೊಡೆಯುತ್ತೇನೆ. ಶುರುವಿಗೆ ಎರಡು ಸುತ್ತಿಗೆ ಏದುಸಿರು, ಈಗ ಹತ್ತು ಆಗುತ್ತದೆ. ಕಳೆದ ಎಕೋದಲ್ಲಿ ಪಂಪಿಂಗ್ 50. ಎದೆಯ ಡಾಕ್ಟರರ ಬಳಿ ಹೋಗುವಾಗ ಹಸಿರು ಪುಸ್ತಕ, ಸೆಂಟರಿಗೆ ಹೋಗುವಾಗ ನೀಲಿ ಫೈಲು. ಎರಡೂ ಈಗ ಸೀರೆಯ ಅಡಿಯಲ್ಲೇ ಇರುತ್ತವೆ, ಆದರೆ ಒಟ್ಟಿಗೆ.

ಭಾವನಿಗೆ ಇವತ್ತಿಗೂ ಗೊತ್ತಿಲ್ಲ. ನೀರು ತರಲು ಹೋದವರು ಮಳೆಯಲ್ಲಿ ಮೂರು ಅಂಗಡಿ ತಿರುಗಿ, ಬಿಸ್ಲೇರಿಯೇ ಬೇಕೆಂದಿದ್ದಕ್ಕೆ ಬೇರೆ ಬಾಟಲಿ ಬಿಟ್ಟು, ಒದ್ದೆಯಾಗಿ ವಾಪಸು ಬರುವಷ್ಟರಲ್ಲಿ ನನ್ನನ್ನು ಮೇಲಿನ ಮಹಡಿಗೆ ಒಯ್ದಿದ್ದರು. ಊರಲ್ಲಿ ಮದುವೆ, ಗೃಹಪ್ರವೇಶ ಎಂದು ನಾಲ್ಕು ಜನ ಸೇರಿದಲ್ಲೆಲ್ಲ ಅವರು ಈ ಕಥೆ ಹೇಳುತ್ತಾರೆ. "ಸಾಯ್ವ ಹೊತ್ತಿಗೂ ಇವನಿಗೆ ಕಂಪೆನಿ ನೀರೇ ಆಯ್ಕ್ ಕಾಣಿ!" ಎಲ್ಲರೂ ನಗುತ್ತಾರೆ. ನನ್ನ ಹೆಂಡತಿ ಆ ಹೊತ್ತಿಗೆ ಎದ್ದು, ಪಾತ್ರೆ ತೊಳೆಯಲು ಒಳಗೆ ಹೋಗುತ್ತಾಳೆ. ಹೋದ ತಿಂಗಳು ಭಾವ ಬಿಪಿ ತೋರಿಸಲು ಹೋಗುವಾಗ ನನ್ನನ್ನು ಜತೆಗೆ ಕರೆದುಕೊಂಡು ಹೋದರು. ಡಾಕ್ಟರು ಬೇರೆ ಯಾವ ಗುಳಿಗೆ ನಡೆಯುತ್ತಿದೆ ಎಂದು ಕೇಳಿದಾಗ ಭಾವ ನನ್ನ ಕಡೆ ನೋಡಿ, ಸ್ವಲ್ಪ ತಡೆದು, "ಹೊರಗೆ ಒಂದ್ ಗಳಿಗೆ ಕೂಕೊ ಮಾರಾಯ" ಎಂದರು. ನಾನು ಎದ್ದು ಹೊರಗೆ ಬಂದು ಕೂತೆ.